ಮಲ್ಪೆ ಫೋಟೋದ ಬೀಟಲ್: ಯಾವ ಕಿಟ್, ಯಾವ ಭಾಗ?

ಉಡುಪಿಯ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರರು ತಮ್ಮ ತಂದೆಯವರ ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಮಾಡೆಲ್ ಮಾಡಿಕೊಡಿ ಎಂದು ಕೇಳಿದರು. ಅಳತೆ 1/24, ಅಂದರೆ ನಿಜವಾದ ಕಾರಿನ ಇಪ್ಪತ್ತನಾಲ್ಕರಲ್ಲಿ ಒಂದು ಪಾಲು. ಬಿಡಿಭಾಗ ಜೋಡಿಸಿ ಮಾಡುವ ಪ್ಲಾಸ್ಟಿಕ್ ಕಿಟ್ ಅವರೇ ತರಿಸಿಟ್ಟಿದ್ದರು: ರೆವೆಲ್ ಕಂಪನಿಯ 1968ರ ಬೀಟಲ್. ನಿಜವಾದ ಕಾರು ಈಗ ಇಲ್ಲ. ಉಪ್ಪುಗಾಳಿಗೆ ತುಕ್ಕು ಹಿಡಿದು ತೊಂಬತ್ತರ ದಶಕದಲ್ಲಿ ಗುಜರಿಗೆ ಹೋಯಿತು. ಉಳಿದದ್ದು ಕೆಲವು ಫೋಟೋಗಳು, ಡ್ಯಾಶ್‌ಬೋರ್ಡಿನ ಗ್ಲವ್ ಬಾಕ್ಸಿನ ಮುಚ್ಚಳ, ಹಳೆಯ ಕಾಗದಗಳ ಒಂದು ಫೈಲ್. ಮತ್ತೆ, ಎಂಬತ್ತು ದಾಟಿದ ತಂದೆಯವರ ನೆನಪು. ಮಾಡೆಲ್ ಬೇಕಾದದ್ದು ಅವರಿಗೇ.

ಮಗ ಮೊದಲು ಕಳಿಸಿದ್ದು ಒಂದೇ ಫೋಟೋ. ಎಂಬತ್ತರ ದಶಕದ ಕಲರ್ ಪ್ರಿಂಟ್. ಮಲ್ಪೆಯ ಕಡಲ ಬದಿಯಲ್ಲಿ ಕಾರು ನಿಂತಿದೆ, ಬಲಮುಂದಿನ ಮೂಲೆಯಿಂದ ತೆಗೆದದ್ದು. ಹೆಡ್‌ಲೈಟ್ ನೆಟ್ಟಗೆ ನಿಂತಿದೆ. ಅದನ್ನು ನೋಡಿಯೇ ಅವರು 1968ರ ಕಿಟ್ ಆರಿಸಿದ್ದರು. ಆ ಲೆಕ್ಕ ಸುಮ್ನೆ ಹಾಕಿದ್ದಲ್ಲ. ಯುರೋಪಿನಲ್ಲಿ ಮಾರುತ್ತಿದ್ದ ಬೀಟಲ್‌ಗೆ 1967ರ ಆಗಸ್ಟ್‌ವರೆಗೆ ಹೆಡ್‌ಲೈಟ್ ಹಿಂದಕ್ಕೆ ಒರಗಿಕೊಂಡಿರುತ್ತಿತ್ತು. ಮಡ್‌ಗಾರ್ಡಿನ ಇಳಿಜಾರಿಗೆ ಹೊಂದುವ ಗಾಜಿನ ಮುಚ್ಚಳ ಅದರ ಮೇಲೆ. ಆಮೇಲೆ ಬಂದ 1968ರ ಮಾಡೆಲ್‌ನಲ್ಲಿ ಹೆಡ್‌ಲೈಟ್ ನೆಟ್ಟಗಾಯಿತು.

ಆದರೆ ಅದೇ ಫೋಟೋದ ಉಳಿದ ಭಾಗಗಳು ಬೇರೆ ಮಾತು ಹೇಳುತ್ತಿದ್ದವು.

ಬೆಸುಗೆಯ ಭಾಗ, ಬೋಲ್ಟಿನ ಭಾಗ

ಒಂದು ನಿರ್ದಿಷ್ಟ ಕಾರಿನ ಮಾಡೆಲ್ ಮಾಡುವಾಗ ನಾನು ಫೋಟೋದಲ್ಲಿ ಮೊದಲು ಹುಡುಕುವುದು ಬಿಚ್ಚಲಿಕ್ಕೆ ಆಗದ ಭಾಗಗಳನ್ನು. ಬಂಪರ್, ವೀಲ್ ಕಪ್, ಕನ್ನಡಿ, ಲೈಟು ಇವೆಲ್ಲ ಗ್ಯಾರೇಜಿನಲ್ಲಿ ಅರ್ಧ ದಿನದಲ್ಲಿ ಬದಲಾಗುತ್ತವೆ. ಬೀಟಲ್‌ನಲ್ಲಂತೂ ನಾಲ್ಕೂ ಮಡ್‌ಗಾರ್ಡ್‌ಗಳು ಬಾಡಿಗೆ ಬೋಲ್ಟ್ ಹಾಕಿ ಕೂರಿಸಿದವು. ಬಿಚ್ಚಿ ಬೇರೆ ವರ್ಷದ್ದು ಹಾಕಬಹುದು. ಹಾಗಾಗಿ ಹೆಡ್‌ಲೈಟ್ ನೋಡಿ ಈ ಕಾರಿನ ವರ್ಷ ಹೇಳುವುದು ಅಪಾಯ. ಕಿಟಕಿಯ ಚೌಕಟ್ಟು, ಬಾಗಿಲ ಮುಂದಿನ ತಗಡು, ಮುಂಗಾಜಿನ ಕೆಳಗಿನ ಭಾಗ ಇವು ಬೆಸುಗೆಯಲ್ಲಿ ಸೇರಿದವು. ಅವುಗಳನ್ನು ಸುಲಭಕ್ಕೆ ಯಾರೂ ಮುಟ್ಟುವುದಿಲ್ಲ.

ಮಲ್ಪೆ ಫೋಟೋದಲ್ಲಿ ಬಲಬದಿಯ ತಗಡು ಚೆನ್ನಾಗಿ ಕಾಣುತ್ತದೆ. 1968ರ ಬೀಟಲ್ ಆಗಿದ್ದರೆ ಅಲ್ಲಿ, ಬಾಗಿಲಿನ ಮುಂದೆ, ಪೆಟ್ರೋಲ್ ಹಾಕುವ ಪುಟ್ಟ ಮುಚ್ಚಳ ಇರಬೇಕಿತ್ತು. ಅದಕ್ಕೂ ಹಿಂದಿನ ಕಾರುಗಳಿಗೆ ಪೆಟ್ರೋಲ್ ಹಾಕಲಿಕ್ಕೆ ಮುಂದಿನ ಡಿಕ್ಕಿಯನ್ನೇ ತೆರೆಯಬೇಕಿತ್ತು (ಬೀಟಲ್‌ನಲ್ಲಿ ಡಿಕ್ಕಿ ಮುಂದೆ, ಎಂಜಿನ್ ಹಿಂದೆ). ಫೋಟೋದಲ್ಲಿ ಮುಚ್ಚಳವೂ ಇಲ್ಲ, ಅದರ ಗೆರೆಯೂ ಇಲ್ಲ. ತಗಡು ನುಣ್ಣಗಿದೆ.

ಕಿಟಕಿಗಳು ದೊಡ್ಡವು, ಕಂಬಗಳು ತೆಳ್ಳಗಿವೆ. ಈ ಬದಲಾವಣೆ ಬಂದದ್ದು 1964ರ ಆಗಸ್ಟ್‌ನಲ್ಲಿ. ಅಂದರೆ ಬಾಡಿ 1964ರ ಆಗಸ್ಟ್ ಮತ್ತು 1967ರ ಜುಲೈ ನಡುವಿನದ್ದು.

ಮುಂದಿನ ಬಲಚಕ್ರಕ್ಕೆ ವೀಲ್ ಕಪ್ ಇಲ್ಲ. ದೊಡ್ಡದು ಮಾಡಿ ನೋಡಿದರೆ ಬೋಲ್ಟ್ ಐದು. 1968ರಲ್ಲಿ ನಾಲ್ಕು. ಚಕ್ರದ ಡಿಸ್ಕ್ ಬದಲಾಗಬಹುದು ನಿಜ, ಆದರೆ ನಾಲ್ಕು ಬೋಲ್ಟಿನ ಬ್ರೇಕ್ ಡ್ರಮ್ಮಿಗೆ ಐದು ಬೋಲ್ಟಿನ ಡಿಸ್ಕ್ ಕೂರುವುದಿಲ್ಲ. ಮುಂದಿನ ಬಂಪರ್ ಕೂಡ ಬಾಗಿದ ಹಳೆಯ ಪಟ್ಟಿ, ಮೇಲೆ ಕೊಳವೆಯ ಕಮಾನು. 1968ರದ್ದು ಚೌಕಾಕಾರದ ದಪ್ಪ ಬಂಪರ್.

ಇಷ್ಟು ಹೇಳಿದ ಮೇಲೆ ಅವರು ಮನೆಯ ಟ್ರಂಕ್ ತೆಗೆದು ಇನ್ನೂ ಫೋಟೋ ಹುಡುಕಿದರು. ಹಿಂದಿನಿಂದ ತೆಗೆದ ಒಂದರಲ್ಲಿ ಎಂಜಿನ್ ಮುಚ್ಚಳದ ಮೇಲೆ ‘1300’ ಎಂಬ ಅಂಕಿ ಕಂಡಿತು. 1285 ಸಿಸಿಯ ಆ ಎಂಜಿನ್ ಬೀಟಲ್‌ಗೆ ಬಂದದ್ದು 1965ರ ಆಗಸ್ಟ್‌ನಲ್ಲಿ, 1966ರ ಮಾಡೆಲ್ ಆಗಿ. ಮುಚ್ಚಳವೂ ಬಿಚ್ಚುವ ಭಾಗವೇ ಅಲ್ವಾ, ಅದಕ್ಕೆ ಅದೊಂದನ್ನೇ ನಂಬಿ ಕೂರಲಿಲ್ಲ. ಸಂಶಯ ಕಳೆದದ್ದು ಫೈಲಿನಲ್ಲಿದ್ದ ಹಳೆಯ ಇನ್ಶೂರೆನ್ಸ್ ಕಾಗದ. ಚಾಸಿ ನಂಬರ್ 116ರಿಂದ ಶುರುವಾಗುತ್ತಿತ್ತು. 1965ರ ಮಾಡೆಲ್‌ನಿಂದ ಫೋಕ್ಸ್‌ವ್ಯಾಗನ್ ಒಂಬತ್ತು ಅಂಕಿಯ ಚಾಸಿ ನಂಬರ್ ಹಾಕತೊಡಗಿತು. ಅದರಲ್ಲಿ ಮೂರನೆಯ ಅಂಕಿ ಮಾಡೆಲ್ ವರ್ಷ. 6 ಅಂದರೆ 1966.

ಮನೆಯಲ್ಲಿ ಎಲ್ಲರೂ ಅದನ್ನು ‘ಅರವತ್ತೈದರ ಗಾಡಿ’ ಎಂದೇ ಕರೆಯುತ್ತಿದ್ದರಂತೆ. ಅದೂ ಸುಳ್ಳಲ್ಲ. ಕಂಪನಿಯ ಮಾಡೆಲ್ ವರ್ಷ ಆಗಸ್ಟ್‌ನಲ್ಲೇ ಶುರುವಾಗುತ್ತಿತ್ತು. 1965ರ ಕೊನೆಯಲ್ಲಿ ತಯಾರಾದ ಕಾರೂ 1966ರ ಮಾಡೆಲ್ಲೇ.

ಹಾಗಾದರೆ ಹೆಡ್‌ಲೈಟ್ ನೆಟ್ಟಗೆ ಹೇಗಾಯಿತು?

ಇದಕ್ಕೆ ಉತ್ತರ ತಂದೆಯವರಲ್ಲಿ ಮಾತ್ರ ಇತ್ತು. ಮಾತಾಡಲಿಕ್ಕೆ ಉಡುಪಿಗೆ ಹೋದೆ. ಜೊತೆಯಲ್ಲಿ ಟಾಮಿಯಾ ಕಂಪನಿಯ ಬೀಟಲ್ ಕಿಟ್ ಒಯ್ದಿದ್ದೆ. ಅದು 1966ರ 1300 ಮಾಡೆಲ್, ಅದೇ 1/24 ಅಳತೆ. ಪೆಟ್ಟಿಗೆಯ ಮೇಲಿನ ಚಿತ್ರವನ್ನು ಅವರು ಹತ್ತಿರ ಹಿಡಿದು ನೋಡಿದರು.

“ಬಾಡಿ ಇದೇ. ಆದ್ರೆ ಇದು ನಮ್ಮ ಗಾಡಿ ಅಲ್ಲ ಮಾರಾಯ್ರೆ. ಲೈಟ್ ನೋಡಿ, ಮಲಗಿದ ಹಾಗೆ ಉಂಟು.”

“ತಗೊಳ್ಳುವಾಗ ಹೇಗಿತ್ತು ಅಪ್ಪಯ್ಯ?” ಎಂದು ಮಗ ಕೇಳಿದರು.

“ತಗೊಳ್ಳುವಾಗ ಹೀಗೇ ಇತ್ತು. ಆಮೇಲೆ ತೆಂಗಿನಕಾಯಿ ಬಿತ್ತಲ್ಲ.”

ಕಾರನ್ನು ಅವರು ಬೊಂಬಾಯಿಯಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಊರಿಗೆ ತಂದು ಕೆಲವು ವರ್ಷ ಆದ ಮೇಲೆ, ಮನೆಯಂಗಳದಲ್ಲಿ ನಿಲ್ಲಿಸಿದ್ದಾಗ ಎಡ ಮಡ್‌ಗಾರ್ಡಿನ ಮೇಲೆ ತೆಂಗಿನಕಾಯಿ ಬಿತ್ತು. ತಗಡು ತಗ್ಗಾಯಿತು, ಲೈಟಿನ ಗಾಜು ಪುಡಿಯಾಯಿತು. ಆ ಇಳಿಜಾರಿನ ಗಾಜು ಇಲ್ಲಿ ಎಲ್ಲಿ ಸಿಗಬೇಕು? ಮಂಗಳೂರಿನ ಒಂದು ಗ್ಯಾರೇಜಿನ ಟಿಂಕರಿಂಗ್ ಕೆಲಸದವರು ಒಂದು ದಾರಿ ಹೇಳಿದರು. ಮಡ್‌ಗಾರ್ಡಿನ ಮುಂಭಾಗ ಕತ್ತರಿಸಿ, ತಗಡು ಬಡಿದು ನೆಟ್ಟಗೆ ಮಾಡಿ, ಅಂಬಾಸಿಡರಿನ ಏಳು ಇಂಚಿನ ಹೆಡ್‌ಲೈಟ್ ಕೂರಿಸುವುದು. ಅದು ಯಾವ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲೂ ಸಿಗುವ ಲೈಟ್. ಬಲಬದಿಯದ್ದನ್ನು ಸ್ವಲ್ಪ ಕಾಲ ಹಾಗೇ ಬಿಟ್ಟಿದ್ದರಂತೆ. ಆಮೇಲೆ ಅದನ್ನೂ ಬದಲಿಸಿದರು, ಆದರೆ ಕೆಲಸ ಮಾಡಿದ್ದು ಬೇರೆಯವರು.

ಇಲ್ಲಿಗೆ ಇಡೀ ಲೆಕ್ಕ ಬದಲಾಯಿತು. ಈ ಕಾರಿನ ಮುಂದಿನ ಮಡ್‌ಗಾರ್ಡ್ 1966ರದ್ದೂ ಅಲ್ಲ, 1968ರದ್ದೂ ಅಲ್ಲ. ಅದು ಮಂಗಳೂರಿನಲ್ಲಿ ಕೈಯಿಂದ ಬಡಿದು ಮಾಡಿದ್ದು. ಯಾವ ಕಿಟ್‌ನಲ್ಲೂ ಅದು ಇರುವುದು ಸಾಧ್ಯವಿಲ್ಲ. ಮಲ್ಪೆ ಫೋಟೋವನ್ನು ಮತ್ತೆ ನೋಡಿದಾಗ ಎರಡೂ ಲೈಟು ಒಂದೇ ಕೋನದಲ್ಲಿ ಇಲ್ಲದಿರುವುದು ಕಂಡಿತು. ಎಡದ್ದರ ಸುತ್ತಿನ ಬಳೆ ಸ್ವಲ್ಪ ಮುಂದೆ ಚಾಚಿದೆ.

ಯಾವ ದಿನದ ಕಾರು?

‘ನಿಖರ’ ಎನ್ನುವಾಗ ನಾವು ಸಾಮಾನ್ಯವಾಗಿ ಕಾರ್ಖಾನೆಯಿಂದ ಹೊರಬಂದ ದಿನವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತೇವೆ. ಒಂದು ಮನೆಯಲ್ಲಿ ಎರಡು ದಶಕ ಓಡಿದ ಕಾರಿಗೆ ಆ ದಿನ ಅಷ್ಟು ಮುಖ್ಯ ಅಲ್ಲ. ಹಾಗಾಗಿ ಕಿಟ್ ಬಿಚ್ಚುವ ಮೊದಲೇ ಒಂದು ಕಾಲ ನಿಗದಿ ಮಾಡಬೇಕಿತ್ತು. ಕೊಂಡ ಹೊಸತರ ಕಾರೇ, ಮಲ್ಪೆ ಫೋಟೋದ ಕಾರೇ?

ಮೊದಲನೆಯದು ಸುಲಭ. ಟಾಮಿಯಾ ಕಿಟ್ ಹೆಚ್ಚುಕಡಿಮೆ ಅದೇ ಕಾರು. ಬಣ್ಣ, ನಂಬರ್ ಪ್ಲೇಟ್, ಬಲಗಡೆಯ ಸ್ಟೀರಿಂಗ್ ಇಷ್ಟು ಸರಿ ಮಾಡಿದರೆ ಮುಗಿಯಿತು. ಎರಡನೆಯದರಲ್ಲಿ ಕೆಲಸ ಜಾಸ್ತಿ. ಮಗನಿಗೆ ಮಲ್ಪೆಯ ಕಾರೇ ಬೇಕಿತ್ತು, ಅವರು ಹುಡುಗನಾಗಿ ಕೂತು ಹೋದದ್ದು ಅದರಲ್ಲೇ. ತಂದೆಯವರೂ ಅದನ್ನೇ ಹೇಳಿದರು. ನನಗೂ ಅದೇ ಸರಿ ಅನ್ನಿಸಿತು. ಕಾರ್ಖಾನೆಯ ಬೀಟಲ್‌ನ ಮಾಡೆಲ್ ಪ್ರಪಂಚದ ಎಲ್ಲ ಕಡೆ ಇದೆ. ತೆಂಗಿನಕಾಯಿ ಬಿದ್ದು ಅಂಬಾಸಿಡರ್ ಲೈಟ್ ಹಾಕಿಸಿಕೊಂಡ ಈ ಬೀಟಲ್‌ನ ಮಾಡೆಲ್ ಇನ್ನೆಲ್ಲೂ ಇಲ್ಲ.

ಆಗ ಕಿಟ್‌ನ ಪ್ರಶ್ನೆ ಮತ್ತೆ ಬಂತು. 1968ರದ್ದರಲ್ಲಿ ಲೈಟ್ ನೆಟ್ಟಗಿದೆ, ಕೈಯಲ್ಲಿ ಇರುವುದೂ ಅದೇ, ಅದನ್ನೇ ಬಳಸಬಾರದೇ ಎಂದು ಮಗ ಕೇಳಿದರು. ನಾನು ಬೇಡ ಎಂದೆ. ಆ ದಾರಿ ಹಿಡಿದರೆ ಪೆಟ್ರೋಲ್ ಮುಚ್ಚಳ ಮುಚ್ಚಬೇಕು, ಎರಡೂ ಬಂಪರ್ ಬದಲಿಸಬೇಕು, ಹಿಂದಿನ ಲೈಟ್ ಬದಲಿಸಬೇಕು. ಅವೆಲ್ಲ ಹೇಗೋ ಆಗುತ್ತವೆ. ಆಗದ್ದು ಡಿಕ್ಕಿ ಮತ್ತು ಎಂಜಿನ್ ಮುಚ್ಚಳ. 1968ರಲ್ಲಿ ಎರಡನ್ನೂ ಗಿಡ್ಡ ಮಾಡಿ ಕೆಳಗಿನ ತಗಡನ್ನು ಉದ್ದ ಮಾಡಿದ್ದರು. ಹೆಡ್‌ಲೈಟ್ ಎರಡು ಸಣ್ಣ ಜಾಗದ ಕೆಲಸ. ಡಿಕ್ಕಿಯ ಉದ್ದ ಬದಲಿಸಿದರೆ ಕಾರಿನ ಮುಖವನ್ನೇ ಮತ್ತೆ ಕೆತ್ತಿದ ಹಾಗೆ. ಹೀಗೆ ಬಾಡಿ 1966ರ ಟಾಮಿಯಾದ್ದು, 1968ರ ರೆವೆಲ್ ಕಿಟ್‌ನಿಂದ ಹೆಡ್‌ಲೈಟಿನ ಗಾಜು ಮಾತ್ರ ಎಂದು ತೀರ್ಮಾನವಾಯಿತು.

ಕಿಟ್ ಕೈಗೆ ಬಂದಾಗ ನಾನು ಅಳೆಯುವುದು ಮೊದಲು ವೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ. ಬೀಟಲ್‌ನಲ್ಲಿ ಇದಕ್ಕೆ ಕ್ಯಾಲ್ಕ್ಯುಲೇಟರ್ ಬೇಡ. ನಿಜವಾದ ಕಾರಿನಲ್ಲಿ 2400 ಮಿಲಿಮೀಟರ್, 1/24ರಲ್ಲಿ ಸರಿಯಾಗಿ 100. ಉದ್ದ 4070, ಅಂದರೆ ಮಾಡೆಲ್‌ನಲ್ಲಿ ಸುಮಾರು 169.6. ಅಗಲ 1540, ಅಂದರೆ 64. ಎತ್ತರ 1500, ಅಂದರೆ 62.5. ಇದೇ ವೀಲ್‌ಬೇಸ್ ಫೋಟೋದಲ್ಲೂ ಸ್ಕೇಲಿನ ಕೆಲಸ ಮಾಡುತ್ತದೆ. ಬದಿಯಿಂದ ತೆಗೆದ ಫೋಟೋವನ್ನು ಎರಡು ಚಕ್ರದ ನಡುವೆ 100 ಮಿಲಿಮೀಟರ್ ಬರುವ ಹಾಗೆ ಪ್ರಿಂಟ್ ಹಾಕಿದರೆ ಉಳಿದದ್ದನ್ನು ಅದರ ಮೇಲೇ ಅಳೆಯಬಹುದು. ಒಂದು ಎಚ್ಚರ: ಚಕ್ರಗಳ ಸಾಲಿನಲ್ಲಿ ಇರುವ ಭಾಗಗಳಿಗೆ ಮಾತ್ರ ಆ ಅಳತೆ ನಂಬಬಹುದು. ಮಾಡಿನ ಮಧ್ಯದಲ್ಲಿ ಇರುವುದು ಕ್ಯಾಮೆರಾದಿಂದ ದೂರ ಇರುವ ಕಾರಣ ಸಣ್ಣದಾಗಿ ಕಾಣುತ್ತದೆ.

ಹೆಡ್‌ಲೈಟಿನ ಕೆಲಸ

ಏಳು ಇಂಚು ಅಂದರೆ 178 ಮಿಲಿಮೀಟರ್. 1/24ರಲ್ಲಿ 7.4. ಮೊದಲು ಅಲ್ಯುಮಿನಿಯಂ ಕೊಳವೆಯಿಂದ ಎರಡು ಬಳೆ ಕತ್ತರಿಸಿದೆ. ಟಾಮಿಯಾ ಬಾಡಿಯ ಲೈಟಿನ ಕುಳಿಯನ್ನು ಎರಡು ಭಾಗದ ಎಪಾಕ್ಸಿ ಪುಟ್ಟಿಯಿಂದ ತುಂಬಿಸಿದೆ. ಟ್ಯೂಬಿನಲ್ಲಿ ಬರುವ ಸಾದಾ ಪುಟ್ಟಿ ಇಷ್ಟು ದಪ್ಪಕ್ಕೆ ಆಗುವುದಿಲ್ಲ. ಅದು ಒಣಗುವಾಗ ಕುಗ್ಗುತ್ತದೆ, ಬಣ್ಣ ಹೊಡೆದ ಮೇಲೆ ತಗ್ಗು ಕಾಣಿಸುತ್ತದೆ. ಪುಟ್ಟಿ ಮೆತ್ತಗಿರುವಾಗಲೇ ಬಳೆ ಒತ್ತಿ ಕೂರಿಸಿ, ಕೋನ ನೋಡಿಕೊಂಡು ಹಾಗೇ ಬಿಟ್ಟೆ. ಗಟ್ಟಿಯಾದ ಮೇಲೆ ಸುತ್ತಲಿನ ಆಕಾರವನ್ನು ಅರದಿಂದ ಕೆತ್ತಿದೆ.

ಕೆತ್ತುವಾಗ ಕೈ ತಾನಾಗಿ 1968ರ ಆಕಾರಕ್ಕೆ ಹೋಗುತ್ತದೆ. ಅದು ಕಣ್ಣಿಗೆ ಪರಿಚಯದ ಆಕಾರ. ಈ ಮಡ್‌ಗಾರ್ಡ್ ಹಾಗಿರಲಿಲ್ಲ. ಟಿಂಕರಿಂಗ್‌ನವರು ಹಳೆಯ ಇಳಿಜಾರನ್ನು ಮೇಲೆ ಉಳಿಸಿಕೊಂಡು, ಲೈಟಿನ ಮುಂಭಾಗಕ್ಕೆ ಬಂದಾಗ ಒಮ್ಮೆಲೇ ಕೆಳಗೆ ಇಳಿಸಿದ್ದರು. ಮೇಲಿನಿಂದ ಬಂದ ಗೆರೆ ಬಳೆಯ ನೆತ್ತಿಯಲ್ಲಿ ಸಣ್ಣ ಹುಬ್ಬಿನ ಹಾಗೆ ಮುಗಿಯುತ್ತದೆ. ಆ ಹುಬ್ಬು ಬರದಿದ್ದರೆ ಇದು ಇನ್ನೊಂದು ಬೀಟಲ್ ಆಗಿಬಿಡುತ್ತಿತ್ತು. ನಾನು ಜಾಸ್ತಿ ಹೊತ್ತು ಕೊಟ್ಟದ್ದು ಇಲ್ಲೇ.

ಎಡ-ಬಲದ ವ್ಯತ್ಯಾಸದ ಬಗ್ಗೆ ಮಗನಿಗೂ ನನಗೂ ಭಿನ್ನಾಭಿಪ್ರಾಯ ಬಂತು. “ಎರಡೂ ಒಂದೇ ಥರ ಇರ್ಲಿ. ನೋಡಿದವರು ನೀವು ತಪ್ಪು ಮಾಡಿದ್ದೀರಿ ಅಂತ ತಿಳ್ಕೊಳ್ತಾರೆ” ಎಂದು ಅವರು ಹೇಳಿದರು. ಅವರ ಕಾಳಜಿ ನನ್ನ ಹೆಸರಿನ ಬಗ್ಗೆ. ಆದರೆ ಎಡದ ಲೈಟ್ ಫೋಟೋದಲ್ಲಿ ಮುಂದೆ ಚಾಚಿರುವುದು ಸ್ಪಷ್ಟವಾಗಿ ಕಾಣುತ್ತದೆ. ನಿಜದಲ್ಲಿ ಸುಮಾರು ಒಂದೂವರೆ ಸೆಂಟಿಮೀಟರ್ ಎಂದು ಇಟ್ಟುಕೊಂಡರೆ ಮಾಡೆಲ್‌ನಲ್ಲಿ 0.6 ಮಿಲಿಮೀಟರ್. ಕಣ್ಣಿಗೆ ಬೀಳುವಷ್ಟು ಉಂಟು. ಎರಡು ಬೇರೆ ಬೇರೆ ಕೈ ಮಾಡಿದ ಕೆಲಸ ಅದು. ಅದನ್ನು ಸಮ ಮಾಡಿದರೆ ಆ ಕೆಲಸಗಾರರಲ್ಲಿ ಒಬ್ಬರನ್ನು ನಾನು ಅಳಿಸಿ ಹಾಕಿದ ಹಾಗೆ ಎಂದು ನನ್ನ ವಾದ. ಕೊನೆಗೆ ತಂದೆಯವರನ್ನೇ ಫೋನಿನಲ್ಲಿ ಕೇಳಿದೆವು. “ಹೇಗಿತ್ತೋ ಹಾಗೇ ಇರ್ಲಿ” ಎಂದರು. ಹಾಗೇ ಇಟ್ಟೆ.

ಚಕ್ರ, ಟೈರು, ನಿಲುವು

ಹೊಸತರಲ್ಲಿ ಈ ಕಾರಿನ ಟೈರು 5.60-15, ಅಂದರೆ 5.60 ಇಂಚು ಅಗಲ, 15 ಇಂಚಿನ ಡಿಸ್ಕಿನದ್ದು. ತಂದೆಯವರ ನೆನಪಿನಲ್ಲಿ ಅದು ‘ಅಂಬಾಸಿಡರ್ ಟೈರು’, ಅಂದರೆ 5.90-15. ಡಿಸ್ಕ್ ಹದಿನೈದು ಇಂಚಿನದ್ದೇ ಆದ್ದರಿಂದ ಕೂರುತ್ತದೆ. ಲೆಕ್ಕದ ಪ್ರಕಾರ ಟೈರಿನ ವ್ಯಾಸ 0.6 ಇಂಚು, ಅಂದರೆ ಸುಮಾರು 15 ಮಿಲಿಮೀಟರ್ ಹೆಚ್ಚು. ಮಾಡೆಲ್‌ನಲ್ಲಿ ಅದೂ 0.6. ಇಷ್ಟಕ್ಕೆ ಹೊಸ ಟೈರು ಹುಡುಕಬೇಕೇ? ನಾನು ಹುಡುಕಲಿಲ್ಲ. ಹೆಡ್‌ಲೈಟಿನಲ್ಲಿ 0.6 ಮುಖ್ಯ, ಟೈರಿನಲ್ಲಿ ಅಲ್ಲ ಎನ್ನುವುದು ಪಕ್ಷಪಾತದ ಹಾಗೆ ಕೇಳಬಹುದು. ಆದರೆ ಹೆಡ್‌ಲೈಟಿನ 0.6ನ್ನು ಕಣ್ಣು ಪಕ್ಕದ ಇನ್ನೊಂದು ಲೈಟಿನ ಜೊತೆ ಹೋಲಿಸುತ್ತದೆ. ನಾಲ್ಕೂ ಟೈರು ಒಂದೇ ಇರುವಾಗ ಹೋಲಿಸಲಿಕ್ಕೆ ಏನೂ ಇಲ್ಲ. ಟೈರಿನ ಹೊಸ ಹೊಳಪನ್ನು ಮಾತ್ರ ಮರಳು ಕಾಗದದಿಂದ ತೆಗೆದೆ.

ವೀಲ್ ಕಪ್ ಇಲ್ಲದ ಆ ಒಂದು ಚಕ್ರವನ್ನು ಬಿಡಲಿಲ್ಲ. 1966ರ ಡಿಸ್ಕಿನ ಐದು ಬೋಲ್ಟ್‌ಗಳು 205 ಮಿಲಿಮೀಟರಿನ ಅಗಲ ವೃತ್ತದಲ್ಲಿ ಇರುತ್ತವೆ, ನಡುವೆ ದೊಡ್ಡ ತೂತು. ಕಪ್ ತೆಗೆದರೆ ಒಳಗಿನ ಡ್ರಮ್ ಕಾಣುತ್ತದೆ. ಮಾಡೆಲ್‌ನಲ್ಲಿ ಆ ವೃತ್ತ 8.5 ಮಿಲಿಮೀಟರ್. ಬೋಲ್ಟಿನ ತಲೆ ನಿಜದಲ್ಲಿ 19, ಇಲ್ಲಿ 0.8. ಪ್ಲಾಸ್ಟಿಕ್ ಹಾಳೆಯಿಂದ ಡ್ರಮ್ಮಿನ ಮುಖ ಕತ್ತರಿಸಿ, ಷಟ್ಕೋನದ ಸಣ್ಣ ಕಡ್ಡಿಯಿಂದ ಐದು ಚೂರು ಅಂಟಿಸಿದೆ.

ಮಾಡೆಲ್‌ಗಳಲ್ಲಿ ನಾನು ತುಂಬಾ ಸಲ ನೋಡುವ ಕೊರತೆ ನಿಲುವಿನದ್ದು. ಭಾಗಗಳೆಲ್ಲ ಸರಿ, ಆದರೆ ಕಾರು ನಿಂತ ಹಾಗೆ ಕಾಣುವುದಿಲ್ಲ. ಆಗಿನ ಬೀಟಲ್‌ನ ಹಿಂದಿನ ಆ್ಯಕ್ಸಲ್ ಗೇರ್‌ಬಾಕ್ಸಿನ ಬದಿಯಲ್ಲಿ ಮಾತ್ರ ಮಡಚುವ ಬಗೆಯದ್ದು. ಕಾರು ಖಾಲಿ ಇದ್ದಾಗ ಹಿಂಭಾಗ ಎತ್ತರಕ್ಕೆ ಏಳುತ್ತದೆ, ಚಕ್ರಗಳ ಕೆಳಭಾಗ ಒಳಕ್ಕೆ ಸರಿಯುತ್ತದೆ. ಜನ, ಸಾಮಾನು ತುಂಬಿದಾಗ ಅದೇ ಚಕ್ರದ ಮೇಲ್ಭಾಗ ಒಳಕ್ಕೆ ವಾಲುತ್ತದೆ. ಆಗುಂಬೆ ಘಾಟಿಯಲ್ಲಿ ತೆಗೆದ ಫೋಟೋದಲ್ಲಿ ಮನೆಯವರೆಲ್ಲ ಒಳಗೇ ಇದ್ದಾರೆ, ಕ್ಯಾರಿಯರ್ ತುಂಬಿದೆ, ಚಕ್ರ ಎರಡನೆಯ ರೀತಿಯಲ್ಲಿ ನಿಂತಿದೆ. ಮಲ್ಪೆಯಲ್ಲಿ ಕಾರು ಖಾಲಿ. ಆದ್ದರಿಂದ ಮಾಡೆಲ್‌ನಲ್ಲಿ ಹಿಂದಿನ ಚಕ್ರಗಳ ಕೆಳಭಾಗವನ್ನು ಸ್ವಲ್ಪವೇ ಒಳಕ್ಕೆ ತಂದೆ.

ಬಂಪರ್, ಕ್ಯಾರಿಯರ್, ಪ್ಲೇಟ್

ಕಿಟ್‌ನ ಬಂಪರ್‌ಗೆ ಕನ್ನಡಿಯಂಥ ಕ್ರೋಮ್. ಕರಾವಳಿಯಲ್ಲಿ ಕ್ರೋಮ್ ಎಷ್ಟು ವರ್ಷ ಉಳಿಯುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಮಲ್ಪೆ ಫೋಟೋದ ಹೊತ್ತಿಗೆ ಬಂಪರ್‌ಗೆ ಸಿಲ್ವರ್ ಪೇಂಟ್ ಹೊಡೆದಾಗಿತ್ತು. ಹಾಗಾಗಿ ಬಟ್ಟೆ ಬಿಳಿ ಮಾಡುವ ಬ್ಲೀಚಿನಲ್ಲಿ ನೆನೆಸಿ ಕ್ರೋಮ್ ತೆಗೆದು, ಅಂಚುಗಳನ್ನು ಒಳಗಿನಿಂದ ಕೆರೆದು ತೆಳ್ಳಗೆ ಮಾಡಿ, ಮಂಕು ಸಿಲ್ವರ್ ಹೊಡೆದೆ. ಅಂಚು ತೆಳ್ಳಗೆ ಮಾಡುವುದು ಈ ಅಳತೆಯಲ್ಲಿ ಎಲ್ಲ ಕಡೆ ಉಪಯೋಗಕ್ಕೆ ಬರುತ್ತದೆ. ಒಂದು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಅಂದರೆ ನಿಜದಲ್ಲಿ 24 ಮಿಲಿಮೀಟರ್ ದಪ್ಪದ ತಗಡು. ಅಂಥ ತಗಡಿನ ಕಾರು ಎಲ್ಲಿದೆ? ಪೂರ್ತಿ ತೆಳ್ಳಗೆ ಮಾಡಬೇಕಾಗಿಲ್ಲ, ಕಣ್ಣಿಗೆ ಕಾಣುವ ಅಂಚು ಸಾಕು.

ಕ್ಯಾರಿಯರ್ ಊರಿನ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದ್ದು. ಮುಕ್ಕಾಲು ಇಂಚಿನ ಪೈಪ್ ಎಂದು ತಂದೆಯವರು ಹೇಳಿದರು. ಅದು 19 ಮಿಲಿಮೀಟರ್, ಮಾಡೆಲ್‌ನಲ್ಲಿ 0.8 ಮಿಲಿಮೀಟರಿನ ಹಿತ್ತಾಳೆ ತಂತಿ. ಬೆಸುಗೆ ಹಾಕಿದ ಮೇಲೆ ಕೀಲುಗಳನ್ನು ನುಣ್ಣಗೆ ಅರೆಯಲಿಲ್ಲ. ಅಸಲಿಯಲ್ಲೂ ಅಲ್ಲಿ ವೆಲ್ಡಿಂಗಿನ ಗಂಟು ಇತ್ತು. ಅದನ್ನು ಬಿಚ್ಚಿ ಇಡುವ ಹಾಗೆ ಮಾಡಿದ್ದೇನೆ, ಮಲ್ಪೆ ಫೋಟೋದಲ್ಲಿ ಕ್ಯಾರಿಯರ್ ಇಲ್ಲ.

ನಂಬರ್ ಪ್ಲೇಟ್ ಕಪ್ಪು, ಅಕ್ಷರ ಬಿಳಿ, ಆಗಿನ ಖಾಸಗಿ ಕಾರುಗಳಿಗೆ ಇದ್ದ ಹಾಗೆ. ಪೇಂಟರ್ ಕೈಯಿಂದ ಬರೆದದ್ದು, ಮುಂದಿನದ್ದರಲ್ಲಿ ಅಂಕಿಗಳು ಕನ್ನಡದಲ್ಲಿ. ಮನೆಯ ಪ್ರಿಂಟರಿನಲ್ಲಿ ಬಿಳಿ ಶಾಯಿ ಇರುವುದಿಲ್ಲ. ಮಾಡೆಲ್‌ಗೆ ಅಂಟಿಸುವ ಬಿಳಿಯ ಡೆಕಾಲ್ ಹಾಳೆಯ ಮೇಲೆ ಸುತ್ತಲಿನ ಕಪ್ಪನ್ನು ಮಾತ್ರ ಅಚ್ಚು ಹಾಕಿದರೆ ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಕಂಪ್ಯೂಟರ್ ಫಾಂಟ್ ಬಳಸಲಿಲ್ಲ. ಫೋಟೋದ ಅಂಕಿಗಳ ಮೇಲೆ ಗೆರೆ ಎಳೆದು ಆ ಪೇಂಟರನ ಕೈಬರಹವನ್ನೇ ತೆಗೆದುಕೊಂಡೆ.

ಬಲಗಡೆಯ ಡ್ರೈವಿಂಗ್ ಅಂದರೆ ಸ್ಟೀರಿಂಗ್ ಅಂಟಿಸಿದರೆ ಮುಗಿಯುವ ಕೆಲಸ ಅಲ್ಲ. ಸ್ಪೀಡೋಮೀಟರ್ ಬಲಕ್ಕೆ, ಗ್ಲವ್ ಬಾಕ್ಸ್ ಎಡಕ್ಕೆ, ಪೆಡಲ್ ಬಲಕ್ಕೆ. ವೈಪರ್‌ಗಳು ಮಲಗುವ ದಿಕ್ಕೂ ತಿರುಗುಮುರುಗು. ಈ ಕೊನೆಯದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಎಂಜಿನ್ ಬಗ್ಗೆ ಹೇಳಲಿಕ್ಕೆ ಹೆಚ್ಚಿಲ್ಲ. ಮುಚ್ಚಳ ಮುಚ್ಚಿಯೇ ಇರುತ್ತದೆ. ಕೆಳಗಿನಿಂದ ಕಾಣುವಷ್ಟು ಬಣ್ಣ ಹಾಕಿದೆ.

ಬೇರೆ ಕಂಪನಿಯ ಲೋಹದ ಭಾಗಗಳ ಒಂದು ಸೆಟ್ ಕೂಡ ಕೈಯಲ್ಲಿತ್ತು. ಲಾಂಛನ, ಕಿಟಕಿ ಪಟ್ಟಿ, ಸೀಟ್ ಬೆಲ್ಟಿನ ಬಕಲ್, ಹೀಗೆ. ಬಳಸಿದ್ದು ವೈಪರ್ ಮಾತ್ರ. ಈ ಕಾರಿಗೆ ಸೀಟ್ ಬೆಲ್ಟ್ ಇರಲೇ ಇಲ್ಲ. ಡಿಕ್ಕಿಯ ಲಾಂಛನವೂ ಆ ಹೊತ್ತಿಗೆ ಹೋಗಿತ್ತು, ಅದರ ಜಾಗದಲ್ಲಿ ತೂತುಗಳು ಉಳಿದಿದ್ದವು. ಸೆಟ್ ದುಡ್ಡು ಕೊಟ್ಟು ತಂದದ್ದು ಎಂದು ಎಲ್ಲವನ್ನೂ ಹಾಕಿದರೆ ಆ ಕಾರಿನಲ್ಲಿ ಇಲ್ಲದ್ದೆಲ್ಲ ಇದರಲ್ಲಿ ಬಂದು ಕೂರುತ್ತದೆ.

ಎರಡು ನೀಲಿ

ಕಲರ್ ಪ್ರಿಂಟಿನಲ್ಲಿ ಕಾರು ಹಸಿರು ಮಿಶ್ರದ ನೀಲಿ. ಆ ಕಾಲದ ಪ್ರಿಂಟುಗಳು ಹಳದಿಗೆ ತಿರುಗುತ್ತವೆ, ಆ ಬಣ್ಣವನ್ನು ನಂಬುವ ಹಾಗಿಲ್ಲ. ಗ್ಲವ್ ಬಾಕ್ಸಿನ ಮುಚ್ಚಳ ಉಪಯೋಗಕ್ಕೆ ಬಂದದ್ದು ಇಲ್ಲಿ. ಬೀಟಲ್‌ನ ಡ್ಯಾಶ್‌ಬೋರ್ಡ್ ಲೋಹದ್ದು, ಅದಕ್ಕೂ ಹೊರಗಿನ ಬಣ್ಣವನ್ನೇ ಹೊಡೆದಿರುತ್ತಾರೆ. ಮುಚ್ಚಳದ ಬಣ್ಣವನ್ನು ಹಗಲ ಬೆಳಕಿನಲ್ಲಿ ಬಾಗಿಲ ಹತ್ತಿರ ಹಿಡಿದು ನೋಡಿದೆ. 1966ರಲ್ಲಿ ಬೀಟಲ್‌ಗೆ ಕೊಡುತ್ತಿದ್ದ ನೀಲಿಗಳಲ್ಲಿ ‘ಸೀ ಬ್ಲೂ’ ಗಾಢ, ‘ಬಹಾಮಾ ಬ್ಲೂ’ ತಿಳಿ. ಮುಚ್ಚಳ ಎರಡನೆಯದಕ್ಕೆ ಹೊಂದಿತು.

ಆದರೆ ಮಡ್‌ಗಾರ್ಡ್ ಕೆಲಸ ಆದ ಮೇಲೆ ಇಡೀ ಕಾರಿಗೆ ಹೊಸ ಬಣ್ಣ ಹೊಡೆಸಿದ್ದರು. ಹೊರಗೆ ಮಾತ್ರ. ಒಳಗೆ ಹೊಡೆಸಿದರೆ ಖರ್ಚು ಜಾಸ್ತಿ. ಅಂದರೆ ಮುಚ್ಚಳದ ನೀಲಿ ಒಳಗಿನ ಸತ್ಯ, ಹೊರಗಿನದ್ದು ಬೇರೆ. ಆಗುಂಬೆ ಫೋಟೋವನ್ನು ಮತ್ತೆ ತೆಗೆದೆ. ಅದರಲ್ಲಿ ಬಾಗಿಲು ತೆರೆದಿದೆ. ಬಾಗಿಲಿನ ಹೊರಮೈಗೂ ಒಳಚೌಕಟ್ಟಿಗೂ ಬಣ್ಣದಲ್ಲಿ ವ್ಯತ್ಯಾಸ ಕಾಣುತ್ತದೆ, ಹೊರಗಿನದ್ದು ಒಂದು ಪಾಲು ಗಾಢ. ಪ್ರಿಂಟ್ ಹಳದಿಯಾದರೂ ಎರಡೂ ಒಟ್ಟಿಗೇ ಹಳದಿಯಾಗಿವೆ, ಅವುಗಳ ನಡುವಿನ ಅಂತರ ಉಳಿದಿದೆ. ಆ ಅಂತರವನ್ನು ಮುಚ್ಚಳದ ಬಣ್ಣಕ್ಕೆ ಸೇರಿಸಿ ಹೊರಗಿನ ನೀಲಿಯನ್ನು ಅಂದಾಜು ಮಾಡಿದೆ. ಪ್ಲಾಸ್ಟಿಕ್ ಚಮಚಗಳ ಬೆನ್ನಿಗೆ ಬೇರೆ ಬೇರೆ ಮಿಶ್ರಣ ಹೊಡೆದು ಒಯ್ದೆ. ತಂದೆಯವರು ಅಂಗಳಕ್ಕೆ ಹೋಗಿ, ಬಿಸಿಲಲ್ಲಿ ಒಂದೊಂದೇ ತಿರುಗಿಸಿ ನೋಡಿ ಒಂದನ್ನು ತೆಗೆದುಕೊಟ್ಟರು. ನಾನು ಅಂದಾಜು ಮಾಡಿದ್ದಕ್ಕಿಂತ ಅದು ಸ್ವಲ್ಪ ತಿಳಿ. ಅದನ್ನೇ ಹೊಡೆದೆ. ಡ್ಯಾಶ್‌ಬೋರ್ಡ್ ಮತ್ತು ಬಾಗಿಲ ಒಳಚೌಕಟ್ಟು ಬಹಾಮಾ ಬ್ಲೂ, ಹೊರಮೈ ಆ ಚಮಚದ ನೀಲಿ. ಕಿಟಕಿಯಿಂದ ಇಣುಕಿದರೆ ಎರಡೂ ಒಟ್ಟಿಗೆ ಕಾಣುತ್ತವೆ.

ಬಣ್ಣ ಹೊಡೆಯುವಾಗ ಮಳೆಗಾಲ. ನಮ್ಮ ಕಡೆ ಜುಲೈಯಲ್ಲಿ ಲ್ಯಾಕರ್ ಹೊಡೆದರೆ ಮೇಲೆ ಬಿಳಿ ಮಂಜು ಕಟ್ಟುತ್ತದೆ. ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಕೂರುವುದು ಅದಕ್ಕೆ ಕಾರಣ. ನಿಧಾನಕ್ಕೆ ಆರುವ ರಿಟಾರ್ಡರ್ ಥಿನ್ನರ್ ಸೇರಿಸಿ, ಮಳೆ ಬಿಟ್ಟ ಮಧ್ಯಾಹ್ನಗಳಲ್ಲಿ ತೆಳ್ಳಗೆ ಹೊಡೆದೆ. ಕಾರುಗಳಿಗೆ ಹೊಡೆಯುವ ಎರಡು ಭಾಗದ ಕ್ಲಿಯರ್ ಹೊಳಪು ಚೆಂದ ಕೊಡುತ್ತದೆ, ಆದರೆ ಅದರ ಹಾರ್ಡನರಿನಲ್ಲಿ ಐಸೊಸೈನೇಟ್ ಇರುತ್ತದೆ. ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಸರಿಯಾದ ಮಾಸ್ಕ್, ಗಾಳಿ ಹೊರಹಾಕುವ ವ್ಯವಸ್ಥೆ ಇಲ್ಲದೆ ಮನೆಯಲ್ಲಿ ಯಾರೂ ಬಳಸಬೇಡಿ. ಈ ಕಾರಿಗೆ ಆ ಹೊಳಪು ಬೇಕಾಗಿಯೂ ಇರಲಿಲ್ಲ. ಪಾಲಿಶ್ ಕಾಣದ ಗ್ಯಾರೇಜ್ ಪೇಂಟು ಅದು, ಅರೆಹೊಳಪು ಸಾಕು.

ತುಕ್ಕನ್ನು ಎರಡೇ ಕಡೆ ತೋರಿಸಿದೆ: ಕಾಲಿಡುವ ಪಟ್ಟಿಯ ಅಂಚು, ಹಿಂದಿನ ಮಡ್‌ಗಾರ್ಡಿನ ಕೆಳತುದಿ. ಫೋಟೋದಲ್ಲಿ ಇರುವುದು ಅಷ್ಟೇ. ಬೇಕಾದಲ್ಲೆಲ್ಲ ತುಕ್ಕು ಬಳಿದರೆ ಹಳೆಯ ಕಾರು ಕಾಣುತ್ತದೆ, ಆದರೆ ಈ ಕಾರು ಕಾಣುವುದಿಲ್ಲ.

ಒಪ್ಪಿಸಿದ ಮೇಲೆ

ಮಾಡೆಲ್ ಜೊತೆ ಒಂದು ಹಾಳೆ ಕೊಟ್ಟೆ. ಯಾವ ಭಾಗ ಯಾವ ಕಿಟ್‌ನದ್ದು, ಯಾವುದು ಕೈಯಿಂದ ಮಾಡಿದ್ದು, ಯಾವುದಕ್ಕೆ ಯಾವ ಫೋಟೋ ಆಧಾರ, ಯಾವುದು ನೆನಪಿನ ಆಧಾರದ್ದು ಎಂದು ಅದರಲ್ಲಿ ಬರೆದಿದೆ. ಸೀಟಿನ ಬಟ್ಟೆಯ ಬಣ್ಣ ನೆನಪಿನ ಸಾಲಿಗೆ ಸೇರಿದ್ದು. ನಾಳೆ ಇನ್ನೊಂದು ಫೋಟೋ ಸಿಕ್ಕಿದರೆ ಏನನ್ನು ತಿದ್ದಬೇಕು ಎಂದು ತಿಳಿಯಲಿಕ್ಕೆ ಆ ಹಾಳೆ ಬೇಕು.

ತಂದೆಯವರು ಮೊದಲು ನೋಡಿದ್ದು ಲೈಟನ್ನಲ್ಲ, ಹಿಂದಿನ ಬದಿಯನ್ನು. “ಮಡ್ ಫ್ಲ್ಯಾಪ್ ಇತ್ತು” ಎಂದರು. ಯಾವ ಫೋಟೋದಲ್ಲೂ ಅದು ಕಾಣುವುದಿಲ್ಲ. ನಮ್ಮ ಮಳೆಗೆ ಅದು ಇಲ್ಲದೆ ಓಡಿಸುವುದು ಕಷ್ಟ ಎಂದು ಅವರು ವಿವರಿಸಿದಾಗ ನನಗೂ ಒಪ್ಪಿಗೆಯಾಯಿತು. ತೆಳು ಕಪ್ಪು ಹಾಳೆಯಿಂದ ಎರಡು ಕತ್ತರಿಸಿ ಅಲ್ಲೇ ಅಂಟಿಸಿ, ಹಾಳೆಯ ‘ನೆನಪು’ ಸಾಲಿನಲ್ಲಿ ಸೇರಿಸಿದೆ.

ಇಡುವ ಬಗ್ಗೆ ಎರಡು ಮಾತು ಹೇಳಿ ಬಂದಿದ್ದೇನೆ. ಕಿಟ್‌ನ ಮೆತ್ತನೆಯ ಟೈರು ವರ್ಷಗಟ್ಟಲೆ ಒಂದೇ ಕಡೆ ಒತ್ತಿಕೊಂಡಿದ್ದರೆ ಅದರ ಎಣ್ಣೆಯಂಶ ಕೆಳಗಿನ ಪ್ಲಾಸ್ಟಿಕ್ಕನ್ನು ಕರಗಿಸಬಹುದು. ಅದಕ್ಕೆ ಚಾಸಿಯ ಕೆಳಗೆ ಸಣ್ಣ ಆಧಾರ ಕೊಟ್ಟು, ಟೈರು ನೆಲಕ್ಕೆ ತಾಗಿಯೂ ಭಾರ ಬೀಳದ ಹಾಗೆ ಪೆಟ್ಟಿಗೆಯಲ್ಲಿ ಕೂರಿಸಿದ್ದೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇರಲಿ. ಕ್ಯಾರಿಯರಿನ ಹಿತ್ತಾಳೆಗೆ ಬಣ್ಣ ಹೊಡೆದಿದ್ದರೂ ಬೆಸುಗೆಯ ಗಂಟುಗಳಲ್ಲಿ ತೇವ ಕೂತರೆ ಹಸಿರು ಕಲೆ ಏಳುತ್ತದೆ. ಉಳಿದ 1968ರ ಕಿಟ್‌ನಲ್ಲಿ ಹೆಡ್‌ಲೈಟಿನ ಗಾಜು ಬಿಟ್ಟು ಎಲ್ಲ ಹಾಗೇ ಇದೆ. ಅದನ್ನು ಮೊಮ್ಮಗ ತೆಗೆದುಕೊಂಡಿದ್ದಾನೆ. ಗಾಜಿನ ಬದಲಿಗೆ ಏನು ಹಾಕಬಹುದು ಎಂದು ಅವನು ಕೇಳಿದ್ದಾನೆ. ಪಾರದರ್ಶಕ ಹಾಳೆಯನ್ನು ಬಿಸಿ ಮಾಡಿ ಗುಂಡು ತಲೆಯ ಕಡ್ಡಿಯಿಂದ ಒತ್ತುವ ವಿಧಾನ ತೋರಿಸಿಕೊಡಲು ಮುಂದಿನ ರಜೆಯಲ್ಲಿ ಮಂಗಳೂರಿಗೆ ಬರಲು ಹೇಳಿದ್ದೇನೆ.